ಯಾರ ಬಾಯಿಂದ ಬಂತು?

ನನ್ನ ಸಂಶೋಧನೆಯ ವಿಷಯ ತತ್ವಪದ. ಎರಡು ವರ್ಷ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಭಜನಾ ಮಂಡಳಿಗಳ ಹಿಂದೆ ಅಲೆದು ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದೆ. ಜಾಗ ಸಾಲದಾದಾಗ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸುತ್ತಿದ್ದೆ.

ಶಹಾಬಾದದ ಬಾಡಿಗೆ ಕೋಣೆಯಲ್ಲಿ ಕೂತು ಅವನ್ನು ಬರೆದುಕೊಳ್ಳುವಾಗ, ಹಿಂದಿನ ಗದ್ದಲ ತೆಗೆಯುವ ಸಾಫ್ಟ್‌ವೇರ್ ಬೇಕಾಯಿತು. ಕೊಳ್ಳಲು ದುಡ್ಡಿರಲಿಲ್ಲ. ಟೊರೆಂಟಿನಲ್ಲಿ ಅದರ ‘ಕ್ರ್ಯಾಕ್’ ಸಿಕ್ಕಿತು. 2020ರ ಜೂನಿನಲ್ಲಿ ನಿಷೇಧವಾಗುವ ತನಕ ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುತ್ತ ಶೇರ್‌ಇಟ್‌, ಝೆಂಡರ್‌ಗಳಲ್ಲಿ ಸಿನಿಮಾ ದಾಟಿಸಿಕೊಂಡು ಬೆಳೆದವರು ನಾವು; ಪುಕ್ಕಟೆ ಬಂದದ್ದಕ್ಕೆ ಹೆದರಿ ಗೊತ್ತಿಲ್ಲ. ಆಂಟಿವೈರಸ್ ತಡೆಯಿತು. ಅದನ್ನು ಆಫ್ ಮಾಡಿ ಮುಂದುವರಿದೆ.

ಬೆಳಗಾಗುವಷ್ಟರಲ್ಲಿ ಪ್ರತಿ ಫೈಲಿನ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿದ್ದವು. ಒಂದೂ ತೆರೆಯಲಿಲ್ಲ. ಬಿಡಿಸಿಕೊಳ್ಳಲು ಡಾಲರ್ ಕೇಳುವ ಚೀಟಿ ಮಾತ್ರ ತೆರೆಯಿತು.

2001ರಲ್ಲಿ ಬ್ರ್ಯಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟಿನಲ್ಲಿ ಫೈಲಿಗೆ ಒಂದೇ ಉಗ್ರಾಣವಿಲ್ಲ. ಅದು ಚೂರುಚೂರಾಗಿ, ಇದ್ದವರಿಂದ ಇಲ್ಲದವರಿಗೆ ಹೋಗುತ್ತದೆ. ಪ್ರತಿ ಚೂರಿಗೂ ಹ್ಯಾಶ್ ಎಂಬ ಬೆರಳಚ್ಚು ಇರುತ್ತದೆ. ತಾಳೆಯಾಗದ ಚೂರನ್ನು ತಿರಸ್ಕರಿಸಿ ಮತ್ತೆ ತರಿಸಲಾಗುತ್ತದೆ. ಈ ತಪಾಸಣೆಯನ್ನೇ ನಾನು ಭರವಸೆ ಅಂದುಕೊಂಡಿದ್ದೆ. ಆದರೆ ಹಾಕಿದವನು ಹಾಕಿದ್ದೇ ಬಂದಿದೆ ಎಂದಷ್ಟೇ ಹ್ಯಾಶ್ ಹೇಳಬಲ್ಲದು. ಅವನು ವಿಷ ಬೆರೆಸಿದ್ದರೆ ಆ ವಿಷವೂ ಒಂದು ಬಿಟ್ ತಪ್ಪದೆ ತಲುಪುತ್ತದೆ. ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಇಳಿಸಿಕೊಳ್ಳುತ್ತಲೇ ನಾನೂ ಹಂಚುತ್ತಿದ್ದೆ. ನನ್ನ ಲ್ಯಾಪ್‌ಟಾಪಿನಿಂದ ಆ ಚೂರುಗಳು ಯಾರ ಮನೆ ಸೇರಿದವೋ.

ಕಳೆದವುಗಳಲ್ಲಿ ಚಿಂಚೋಳಿ ಕಡೆಯ ಅಜ್ಜಿಯೊಬ್ಬರ ಹನ್ನೊಂದು ಪದಗಳಿದ್ದವು. ಆ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮೊಮ್ಮಗ ಕೇಳಿದ್ದನೆಂದು ಹಿಂದೊಮ್ಮೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದ ಮೂರು ಅವನ ಮೊಬೈಲಿನಲ್ಲಿ ಸಿಕ್ಕವು. ಉಳಿದ ಎಂಟು ಹೋದವು. ಹಂಚಿಕೊಂಡದ್ದರಿಂದಲೇ ಕಳೆದುಕೊಂಡೆ, ಹಂಚಿದ್ದರಿಂದಲೇ ಅಷ್ಟಾದರೂ ಉಳಿಯಿತು.

ಈಗ ಉಚಿತವಾದ ಅಡಾಸಿಟಿಯನ್ನು ಅದರದ್ದೇ ತಾಣದಿಂದ ಇಳಿಸಿಕೊಂಡಿದ್ದೇನೆ. ಮೊದಲೇ ಆ ಕೆಲಸಕ್ಕೆ ಅದು ಸಾಕಿತ್ತು. ಹಾಡುಗಳ ಒಂದು ಪ್ರತಿ ಯಾವ ಕಂಪ್ಯೂಟರಿಗೂ ಜೋಡಿಸದ ಹಾರ್ಡ್ ಡಿಸ್ಕಿನಲ್ಲಿರುತ್ತದೆ, ಇನ್ನೊಂದು ಹಾಡಿದವರ ಮನೆಯಲ್ಲಿ.

ಉಳಿದ ಮೂರರಲ್ಲಿ ಒಂದರ ಆರಂಭಕ್ಕೆ ಅಜ್ಜಿಯ ಮಾತಿದೆ. ತನಗೆ ಕಲಿಸಿದವರ, ಅವರಿಗೆ ಕಲಿಸಿದವರ ಹೆಸರು ಹೇಳಿ ಅನ್ನುತ್ತಾರೆ: “ಯಾರ ಬಾಯಿಂದ ಬಂತಂತ ಹೇಳಲಾರ್ದ ಪದ ಹಾಡಬಾರ್ದು, ತಮ್ಮಾ.” ಆ ದಿನ ಪದ ಯಾವಾಗ ಶುರುವಾದೀತೆಂದು ಕಾಯುತ್ತಿದ್ದೆ, ಆ ಮಾತು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.