ಕಲ್ಯಾಣದ ಹಗ್ಗ, ಮಾಣಿಕನಗರದ ದರ್ಬಾರು

ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಬಳಿ ನುಲಿಯ ಚಂದಯ್ಯನ ಗವಿಯುಂಟು. ಚಾಲುಕ್ಯರ ಕೋಟೆಯನ್ನು ಸುತ್ತಿ ದಣಿದ ಯಾತ್ರಿಕನಿಗೆ ಇಲ್ಲಿ ಕಣ್ಮನ ಸೆಳೆಯುವ ವೈಭವವೇನೂ ಕಾಣದು. ಆದರೆ ನಮ್ಮ ತತ್ತ್ವಚಿಂತನೆಯ ಬಲು ಹಳೆಯ ಪ್ರಶ್ನೆಯೊಂದು ಇಲ್ಲಿ ಹುಲ್ಲಿನ ಹಗ್ಗವಾಗಿ ಅವನ ಕೈಗೆ ತೊಡರುತ್ತದೆ: ಅರಿವು ಮೂಡಿದವನು ಮತ್ತೆ ಕೆಲಸ ಮಾಡಬೇಕೆ?

ಶಂಕರಾಚಾರ್ಯರ ಉತ್ತರ ಸ್ಪಷ್ಟವಾದುದು. ಕರ್ಮದಿಂದ ಚಿತ್ತವು ಶುದ್ಧವಾದೀತು. ಬಿಡುಗಡೆಯು ಮಾತ್ರ ಜ್ಞಾನದಿಂದಲೇ. ಆತ್ಮನು ಕರ್ತೃವಲ್ಲವೆಂದು ತಿಳಿದವನಿಗೆ ಮಾಡಬೇಕಾದುದು ಏನೂ ಉಳಿಯದು. ಅವನ ದೇಹ ದುಡಿದರೂ ಅದು ಲೋಕಸಂಗ್ರಹಕ್ಕಾಗಿ.

ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ರಚಿಸಿದುದು ಇದೇ ಕಲ್ಯಾಣದಲ್ಲಿ. ಯಾವ ವರ್ಣಕ್ಕೆ ಯಾವ ಕರ್ಮವೆಂದು ವಿಧಿಸಿದ ಯಾಜ್ಞವಲ್ಕ್ಯ ಸ್ಮೃತಿಗೆ ಅದು ವ್ಯಾಖ್ಯಾನ. ಮುಂದೆ, ಅದೇ ಊರಿನಲ್ಲಿ, ಬಸವಣ್ಣನವರ ಸುತ್ತ ನೆರೆದ ಶರಣರು ದುಡಿಮೆಯನ್ನು ಹುಟ್ಟಿನ ಕಟ್ಟಿನಿಂದ ಬಿಡಿಸಿ ‘ಕಾಯಕ’ವೆಂದು ಕರೆದರು.

ಶರಣರ ಕಥೆಗಳು ಹೇಳುವಂತೆ, ಚಂದಯ್ಯನು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವನು ಅದರ ಕಡೆ ತಿರುಗಿಯೂ ನೋಡದೆ ಹುಲ್ಲಿನ ಹೊರೆಯೊಡನೆ ಹೊರಟನು. ಲಿಂಗವೇ ಬೆನ್ನು ಹತ್ತಿ ಬಂದಾಗ, ಕಾಯಕವು ದೇವರಿಗೂ ತಪ್ಪದೆಂದು ಅದರಿಂದಲೂ ದುಡಿಸಿದನು! ಆಯ್ದಕ್ಕಿ ಮಾರಯ್ಯನ ಕಥೆ ಇನ್ನೂ ಮಾರ್ಮಿಕ. ತತ್ತ್ವಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಕೆಲಸದ ಹೊತ್ತು ಮೀರಿತೆಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಅವನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಸುರಿದು ಬರುವಂತೆ ಹಿಂದಕ್ಕಟ್ಟಿದವಳೂ ಅವಳೇ.

ಈ ನಿಲುವಿಗೆ ಕಲ್ಯಾಣವು ತೆತ್ತ ಬೆಲೆ ಸಣ್ಣದಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಜ್ಞೆಯಂತೆ ತಂದೆಯರಿಬ್ಬರೂ ಘೋರ ಮರಣಕ್ಕೀಡಾದರೆಂದು ಪರಂಪರೆ ನೆನೆಯುತ್ತದೆ. ಫಲವನ್ನು ಬಯಸದೆ ಮಾಡಿದ ಕಾರ್ಯಕ್ಕೂ ಫಲವುಂಟು, ಅದು ಕಹಿಯಾಗಿಯೂ ಇದ್ದೀತು. 1167–68ರ ಸುಮಾರಿಗೆ ಶರಣರು ಚದುರಿದರು.

ಇಲ್ಲಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ಹುಮನಾಬಾದಿನ ಮಗ್ಗುಲಿಗೆ, ಮಾಣಿಕನಗರವಿದೆ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆಸಿ, 1865ರಲ್ಲಿ ಸಮಾಧಿಸ್ಥರಾದ ಸ್ಥಳವಿದು. ಅವರದು ಅದ್ವೈತ, ಎಲ್ಲ ಮತಗಳನ್ನೂ ಗೌರವಿಸಿದ ಅವರ ಪಂಥಕ್ಕೆ ‘ಸಕಲಮತ’ವೆಂದೇ ಹೆಸರು. ಆದರೂ ಪ್ರಭುಗಳು ಗುಹೆ ಸೇರಲಿಲ್ಲ. ದರ್ಬಾರು ನಡೆಸಿದರು, ಹಾಡು ಕಟ್ಟಿದರು, ಹಿಂದೂ ಮುಸಲ್ಮಾನರೆನ್ನದೆ ಬಂದವರನ್ನು ಬರಮಾಡಿಕೊಂಡರು. ಬಂದ ಕಾಣಿಕೆಯನ್ನು ಬಂದಂತೆಯೇ ಹಂಚುತ್ತಿದ್ದರೆಂದು ಭಕ್ತರು ಹೇಳುತ್ತಾರೆ. ದತ್ತಜಯಂತಿಯ ಕಾಲಕ್ಕೆ ಇಂದಿಗೂ ಇಲ್ಲಿ ಸಂಗೀತದ ದರ್ಬಾರು ನೆರೆಯುತ್ತದೆ.

ಎರಡೂ ಊರುಗಳು ಹೇಳುವುದು ಒಂದೇ ಮಾತನ್ನೆ? ಹಾಗೆಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಅದ್ವೈತಿಗೆ, ಮಾಡುವವನು ನಾನಲ್ಲವೆಂಬ ಅರಿವೇ ಮುಖ್ಯ. ಆ ಅರಿವಿರುವಲ್ಲಿ ದರ್ಬಾರೂ ಬಂಧನವಲ್ಲ. ಶರಣನಿಗೆ ಅಷ್ಟು ಸಾಲದು. ‘ನಾನು ಕರ್ತೃವಲ್ಲ’ ಎಂದವನ ಅನ್ನಕ್ಕೂ ಯಾರೋ ಒಬ್ಬರು ಬೆವರು ಸುರಿಸಿರುತ್ತಾರಷ್ಟೆ? ತನ್ನ ಪಾಲಿನ ದುಡಿಮೆಯನ್ನು ಇನ್ನೊಬ್ಬನ ಹೆಗಲಿಗೆ ಹೊರಿಸುವ ಹಕ್ಕು ಜ್ಞಾನಿಗೂ ಇಲ್ಲವೆಂಬುದು ಕಲ್ಯಾಣದ ತೀರ್ಪು.

ಮಾಣಿಕನಗರದ ಸಮಾಧಿಗೆ ಕೈಮುಗಿದು ಹೊರಬಂದ ಯಾತ್ರಿಕನ ಮನಸ್ಸು ಶಾಂತವಾಗಿರುತ್ತದೆ. ಆದರೆ ಕೆರೆಯ ದಡದಲ್ಲಿ ಹೊರೆಹೊತ್ತು ನಡೆದವನ ನೆನಪು ಆ ಶಾಂತಿಯನ್ನು ಮೆಲ್ಲನೆ ಕೇಳುತ್ತದೆ: ಈ ದಿನದ ನಿನ್ನ ಹಗ್ಗವನ್ನು ನೀನೇ ಹೊಸೆದೆಯಾ?