ತರಗು ಬೆಂಕಿ

ನಮ್ಮ ಮನೆ ಇದ್ದದ್ದು ಯಳಂದೂರಿನಲ್ಲಿ. ಸಂಕ್ರಾಂತಿ ಕಳೆದು, ಬೆಟ್ಟದ ಚಿಕ್ಕತೇರಿನ ಸಡಗರವೂ ಇಳಿದ ಮೇಲೆ ರಾತ್ರಿ ಊಟ ಮುಗಿಸಿದ ಅಜ್ಜಿ ನಮ್ಮನ್ನೆಲ್ಲ ಜಗಲಿಗೆ ಕರೆದು ಮೂಡಲ ದಿಕ್ಕಿಗೆ ಕೈ ತೋರುತ್ತಿದ್ದಳು. ಕತ್ತಲಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತಿರಲಿಲ್ಲ. ಅದರ ಮೈಮೇಲೆ ತೆಳ್ಳಗೆ ಹರಿದಾಡುವ ಕೆಂಪು ಗೆರೆಯಷ್ಟೇ ಕಾಣುತ್ತಿತ್ತು. “ನೋಡು ಕೂಸು, ಸೋಲಿಗರು ರಂಗಪ್ಪನಿಗೆ ಮಾಲೆ ಹಾಕ್ತಾವ್ರೆ” ಅನ್ನುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಾಲೆ ತಾನಾಗಿ ಆರಿರುತ್ತಿತ್ತು. ಯಾರೂ ಹೆದರುತ್ತಿರಲಿಲ್ಲ, ಯಾರೂ ಆರಿಸಲು ಓಡುತ್ತಿರಲಿಲ್ಲ.

ಅಪ್ಪನದು ಚಿಕ್ಕ ಅಂಗಡಿ. ಪೋಡಿನಿಂದ, ಅಂದರೆ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಾಡಿಯಿಂದ, ಒಬ್ಬ ಅಜ್ಜ ಹೆಜ್ಜೇನು, ಸೀಗೆಕಾಯಿ, ಅಂಟುವಾಳ, ಮಾಗಳಿ ಬೇರು ಹೊತ್ತು ತಂದು ಉಪ್ಪು, ಬಟ್ಟೆ ಕೊಂಡು ಹೋಗುತ್ತಿದ್ದ. ಆ ಕಾಲದ ತಕ್ಕಡಿಗಳಲ್ಲಿ ಅವನಿಗೆ ಪೂರ್ತಿ ನ್ಯಾಯ ಸಿಕ್ಕಿತೆಂದು ನಾನು ಎದೆ ತಟ್ಟಿ ಹೇಳಲಾರೆ. ಆದರೂ ಆ ಅಜ್ಜನಿಗೆ ನಮ್ಮ ಮನೆಯ ಮೇಲೆ ಪ್ರೀತಿ. ನನಗೆ ಹತ್ತು ವರ್ಷವಿದ್ದಾಗ, ಅಂದರೆ 1970ರ ಸುಮಾರಿಗೆ, ಅಪ್ಪನನ್ನೂ ನನ್ನನ್ನೂ ಪೋಡಿಗೆ ಕರೆದುಕೊಂಡು ಹೋದ. ಮಾರನೆಯ ದಿನ ಇಳಿಹೊತ್ತಿನಲ್ಲಿ ಬೆಂಕಿ ಹಾಕುವುದನ್ನು ಹತ್ತಿರದಿಂದ ಕಂಡೆ.

ಅಜ್ಜ ಮೊದಲು ಕುಕ್ಕರುಗಾಲಲ್ಲಿ ಕೂತು ನೆಲದ ಮೇಲಿನ ತರಗನ್ನು ಒಂದು ಹಿಡಿ ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿದ. ಆಮೇಲೆ ನನ್ನ ಕಿವಿಗೂ ಹಿಡಿದ. “ಮಾತಾಡ್ತಾ ಅದ ಅಲ್ವಾ ಕೂಸು? ಮಾತಾಡೋವಾಗ ಹಾಕ್ಬೇಕು. ಕೂಗೋ ಕಾಲ ಬಂದ್ಮೇಲೆ ಹಾಕ್ಬಾರ್ದು.” ಸಂಕ್ರಾಂತಿ ಕಳೆದ ಆ ದಿನಗಳಲ್ಲಿ ಬೆಳಗಿನ ಇಬ್ಬನಿ ಇನ್ನೂ ಎಲೆಯ ಅಡಿಯಲ್ಲಿರುತ್ತದೆ, ಮೇಲೆ ಮಾತ್ರ ಒಣಗಿರುತ್ತದೆ. ಹಚ್ಚಿದ ಬೆಂಕಿ ನನ್ನ ಮೊಣಕಾಲಿಗಿಂತ ಮೇಲೇಳಲಿಲ್ಲ. ಎಮ್ಮೆ ಮೇಯುವ ಹಾಗೆ ನಿಧಾನವಾಗಿ ತರಗು ಮೇಯುತ್ತ ಹೋಯಿತು. ದೊಡ್ಡ ಮರಗಳ ಬುಡಕ್ಕೆ ತಾಗಿ ತೊಗಟೆ ಕಪ್ಪಾಗಿಸಿ ದಾಟಿತು. ತೇವದ ಹಳ್ಳ ಸಿಕ್ಕಿದಲ್ಲಿ ನಿಂತಿತು.

ಅದೇ ತರಗು ಬೆಂಕಿ. ಉಣ್ಣಿಗಳು ಸಾಯುತ್ತವೆ, ದಾರಿ ಕಾಣುತ್ತದೆ, ಆನೆ ನಿಂತಿದ್ದರೆ ದೂರದಿಂದಲೇ ತಿಳಿಯುತ್ತದೆ. ಮೊದಲ ಮಳೆಗೆ ಎಳೆಹುಲ್ಲು ಬಂದು ಕಡವೆ, ಕಾಟಿ ಇಳಿಯುತ್ತವೆ. ಅಜ್ಜ ಒಂದೊಂದನ್ನೂ ಬೆರಳು ಮಡಿಸಿ ಹೇಳಿದ್ದ. ಎಲ್ಲಕ್ಕಿಂತ ನನಗೆ ಬೆರಗಾದದ್ದು ಅವನು ಎಲ್ಲಿ ಬೆಂಕಿ ಹಾಕಲಿಲ್ಲ ಅನ್ನುವುದು. ಒಂದು ದಿಬ್ಬದ ಆಚೆ ಕಾಲಿಡಲಿಲ್ಲ. ಅದು ಬೇರೆ ಕುಲದವರ ಯೆಲ್ಲೆ. ಪ್ರತಿ ಕುಲಕ್ಕೂ ತನ್ನದೊಂದು ಯೆಲ್ಲೆ. ಆ ಯೆಲ್ಲೆಯೊಳಗೆ ಅದರ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ನೀರಿನ ಅಬ್ಬಿ. ಪಟ್ಟೆ ಇಲ್ಲ, ಪಹಣಿ ಇಲ್ಲ, ಬೇಲಿಯೂ ಇಲ್ಲ. ದೊಡ್ಡ ಸಂಪಿಗೆ ಮರದ ಬುಡದಲ್ಲಿ ಕೈ ಮುಗಿಯುವವರು, ಹುಲಿಯನ್ನು ಹುಲಿವೀರಪ್ಪ ಎಂದು ಪೂಜಿಸುವವರು, ತಮ್ಮ ಮನೆಮಗಳು ಕುಸುಮಾಲೆಯನ್ನು ಮದುವೆಯಾದ ರಂಗಪ್ಪನನ್ನು ಬಾವ ಎಂದು ಕರೆಯುವವರು ಅವರು. ಬಾವನ ಬೆಟ್ಟದಲ್ಲಿ ತಮಗೆ ಎಷ್ಟು ಪಾಲು ಎಂದು ಅವರಿಗೆ ಯಾರೂ ಬರೆದುಕೊಡಬೇಕಾಗಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ಬೆಳೆಯಿತು. ಬೇಟೆ ನಿಂತಿತು. ಅದು ನಿಂತದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಜಾಗ ಬದಲಿಸುತ್ತ ರಾಗಿ, ಅವರೆ, ಸಾಸಿವೆ ಬಿತ್ತುವ ಬೇಸಾಯವೂ ನಿಂತಿತು. ಒಳಕಾಡಿನ ಕುಟುಂಬಗಳು ಅಂಚಿಗೆ ಬಂದು ಕಾಲೊನಿಗಳಲ್ಲಿ ಕೂತವು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧವಾಯಿತು. ಜಗಲಿಯಿಂದ ಕಾಣುವ ಮಾಲೆ ವರ್ಷದಿಂದ ವರ್ಷಕ್ಕೆ ತುಂಡಾಗುತ್ತ ಬಂತು. ಯಾವ ವರ್ಷ ಪೂರ್ತಿ ಇಲ್ಲವಾಯಿತೋ ನೆನಪಿಲ್ಲ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಕೈ ತೋರುವವರು ಯಾರೂ ಇರಲಿಲ್ಲ.

ಬೆಂಕಿ ಹೋದ ಜಾಗಕ್ಕೆ ಲಂಟಾನ ಎಂಬ ಮುಳ್ಳುಪೊದೆ ಬಂತು. ಹಳೆಯ ಸೋಲಿಗರು ಹೇಳುವುದು ಇಷ್ಟೆ: ಮೊದಲು ಎಳೆಯ ಲಂಟಾನ ತರಗು ಬೆಂಕಿಗೆ ಸತ್ತುಹೋಗುತ್ತಿತ್ತು, ಬೆಂಕಿ ನಿಂತ ಮೇಲೆ ಬೇರೂರಿತು. ಬೆಟ್ಟದಲ್ಲಿ ಸಂಶೋಧಕರು ಗುರುತು ಹಾಕಿ ಅಳೆದ ತಾಕುಗಳ ಪೈಕಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ 81ರಲ್ಲಿ. ನಾನು ಹುಡುಗನಾಗಿ ಓಡಾಡಿದ ಕಡೆ ಈಗ ತಲೆಗಿಂತ ಎತ್ತರದ ಮುಳ್ಳುಪೊದೆ. ಹುಲ್ಲಿಲ್ಲ, ಕಾಟಿ ನಿಂತಿದ್ದರೂ ಹತ್ತು ಮಾರು ದೂರಕ್ಕೆ ಕಾಣುವುದಿಲ್ಲ. ನೆಲ್ಲಿ ಮರಗಳಿಗೆ ಉಪ್ಪಿಲು ಹತ್ತಿದೆ. ಉಪ್ಪಿಲು ಅಂದರೆ ಮರದ ಮೈಮೇಲೆ ಕೂತು ಅದರ ರಸ ಹೀರುವ ಬದನಿಕೆ. ಹೊಗೆ, ಶಾಖ ತಾಗಿದರೆ ಅದು ಉದುರುತ್ತಿತ್ತೆಂದು ಸೋಲಿಗರು ಬಹಳ ಹಿಂದೆಯೇ ಹೇಳಿದ್ದರು. ಅವರ ಮಾತು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗುವವರೆಗೆ ಅದು ಯಾರಿಗೂ ಜ್ಞಾನವಾಗಿ ಕಾಣಲಿಲ್ಲ. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಹಕ್ಕು ಬರಲಿಲ್ಲವೆಂದಲ್ಲ. 2006ರ ಹೊತ್ತಿಗೆ ಜೇನು, ನೆಲ್ಲಿ ತಂದು ಮಾರುವುದಕ್ಕೂ ತಡೆ ಬಿದ್ದಿತ್ತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಮಾಡಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಮತ್ತೆ ಎಬ್ಬಿಸುತ್ತಾರೆಂಬ ಭಯ ಪೋಡುಗಳಲ್ಲಿ ಹಬ್ಬಿತು. ಗ್ರಾಮಸಭೆಗಳು ಕೂತವು, ಅರ್ಜಿಗಳು ಹೋದವು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರಂಥವರು ಹಿರಿಯರ ಜೊತೆ ಕಾಡು ಅಲೆದು ಯೆಲ್ಲೆಗಳನ್ನು, ದೇವರ ನೆಲೆಗಳನ್ನು ಗುರುತಿಸಿ ಅಷ್ಟರಲ್ಲಾಗಲೇ ನಕ್ಷೆಗೆ ತಂದಿದ್ದರು. ಬಾಯಲ್ಲಿದ್ದ ಕಾಡು ಮೊದಲ ಸಲ ಕಾಗದಕ್ಕೆ ಇಳಿದಿತ್ತು. 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜನರಿದ್ದರೆ ಹುಲಿ ಉಳಿಯದು ಅನ್ನುತ್ತಿದ್ದವರಿದ್ದರು. 2010ರ ಎಣಿಕೆಯಲ್ಲಿ 35 ಇದ್ದ ಹುಲಿ 2014ರಲ್ಲಿ 68 ಆಗಿತ್ತು. ಪ್ರತಿ ಎಣಿಕೆಯೂ ಏರುತ್ತಲೇ ಇರುವುದಿಲ್ಲ, ಆದರೆ ಹುಲಿವೀರಪ್ಪನ ಒಕ್ಕಲು ಹುಲಿಗೆ ಶತ್ರುವಲ್ಲ ಎಂಬುದಕ್ಕೆ ನನಗೆ ಅಷ್ಟು ಸಾಕು.

ಆ ಹಕ್ಕುಪತ್ರದಲ್ಲಿ ಕಾಡಿನ ಕಿರು ಉತ್ಪನ್ನದ ಹಕ್ಕಿದೆ, ದೇವರ ನೆಲೆಗೆ ಹೋಗಿಬರುವ ಹಕ್ಕಿದೆ. ಕಾಡನ್ನು ಕಾಯುವ, ನೋಡಿಕೊಳ್ಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಬೆಂಕಿ ಮಾತ್ರ ಮರಳಲಿಲ್ಲ. ಮರಳಲಿ ಎಂದು ಕೇಳುವ ಧೈರ್ಯವೂ ಈಗ ಹಿರಿಯರಿಗಿಲ್ಲ. ಒಣಗಿ ನಿಂತ ಲಂಟಾನಕ್ಕೆ ಕಿಡಿ ತಾಗಿದರೆ ಅದು ಮೊಣಕಾಲಿನ ಬೆಂಕಿಯಾಗಿ ಉಳಿಯುವುದಿಲ್ಲ, ಪೊದೆ ಏಣಿಯಾಗಿ ಮರದ ನೆತ್ತಿಗೆ ಹತ್ತುತ್ತದೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟುಹೋದದ್ದನ್ನು ನಾವೆಲ್ಲ ಎದೆ ಹಿಡಿದುಕೊಂಡು ನೋಡಿದೆವು. ಬೆಂಕಿ ರೇಖೆ ಕಡಿದು, ಹಸಿಸೊಪ್ಪು ಹಿಡಿದು ಹೊಗೆಯಲ್ಲಿ ಓಡುವ ಕಾವಲುಗಾರರ ಕಷ್ಟ ನನಗೆ ಗೊತ್ತು, ಅವರಲ್ಲಿ ಸೋಲಿಗರ ಹುಡುಗರೂ ಇದ್ದಾರೆ. ಕಾನೂನು ತಪ್ಪು ತಿದ್ದಿಕೊಂಡು ನೆಲವನ್ನು ಹಿಂದಕ್ಕೆ ಕೊಡಬಲ್ಲದು. ಮೂವತ್ತು ನಲವತ್ತು ವರ್ಷ ತರಗು ಬೆಂಕಿ ಕಾಣದ ನೆಲ ಆ ಹಳೆಯ ಬೆಂಕಿಗೆ ಒಗ್ಗುವ ನೆಲವಾಗಿ ಉಳಿದಿಲ್ಲ. ಬೆಂಕಿಯ ಹದ ಬಲ್ಲ ಕೈಗಳೂ ಒಂದೊಂದಾಗಿ ಮಣ್ಣಿಗೆ ಹೋಗಿವೆ.

ಕಳೆದ ಸಂಕ್ರಾಂತಿಯ ಮರುವಾರ ಪೋಡಿಗೆ ಹೋಗಿದ್ದೆ. ಆ ಅಜ್ಜನ ಮಗಳು ಇದ್ದಾರೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮನೆ ಹಿಂದೆ ಕಾಫಿ, ಮೆಣಸು. ಮಗ ಬೇಸಿಗೆಯಲ್ಲಿ ಬೆಂಕಿ ಕಾಯುವ ಕೂಲಿಗೆ ಹೋಗುತ್ತಾನಂತೆ. ರಾಗಿರೊಟ್ಟಿ, ಜೇನು ಕೊಟ್ಟರು. ಸಂಜೆ ಕಾಫಿ ಗಿಡಗಳಾಚೆ ಸ್ವಲ್ಪ ದೂರ ನಡೆದೆವು. ಮತ್ತಿ ಮರದ ಕೆಳಗೆ ಲಂಟಾನ ಕಿತ್ತು ತೆರವು ಮಾಡಿದ ಒಂದಿಷ್ಟು ಜಾಗವಿತ್ತು. ಅವರು ಮಾತು ನಿಲ್ಲಿಸಿ, ಮಂಡಿ ನೋವಿಗೆ ಕೈಯೂರಿ ಬಗ್ಗಿದರು. ಒಂದು ಹಿಡಿ ತರಗು ತೆಗೆದು ಕಿವಿಗೆ ಹಿಡಿದು ಹಿಸುಕಿದರು.

“ಅಕ್ಕ, ಏನಂತದೆ?” ಎಂದೆ.

“ಮಾತಾಡ್ತಾ ಅದ” ಅಂದರು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಕತ್ತಲಾಗುವ ಮೊದಲು ಮನೆ ಸೇರೋಣವೆಂದು ಮುಂದೆ ನಡೆದರು.