ತೊಟ್ಟಿಯೊಳಗಿನ ಇದ್ದಲು

ಹಜಾರದ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಗೃಹಸ್ಥನಿಗೆ ಇದ್ದಲಿನ ಮೇಲೆ ಅಪಾರ ಭಕ್ತಿ. ನೀರು ಹಳದಿಗೆ ತಿರುಗಿತೋ, ಅಂಗಡಿಗೆ ಧಾವಿಸಿ ಸಕ್ರಿಯ ಇಂಗಾಲದ ಪೊಟ್ಟಣ ತಂದು ಫಿಲ್ಟರಿನೊಳಗೆ ತುರುಕುತ್ತಾನೆ. ಒಂದೆರಡು ದಿನಗಳಲ್ಲಿ ನೀರು ತಿಳಿ. ನೆಂಟರೆದುರು ಅವನ ಮುಖವೂ ಅಷ್ಟೇ ತಿಳಿ.

ಇದ್ದಲಿನ ಮಹಿಮೆ ಸುಳ್ಳೇನಲ್ಲ. ತೆಂಗಿನ ಚಿಪ್ಪನ್ನು ಸುಟ್ಟು, ಆ ಇದ್ದಲಿಗೆ ಕಡುಬಿಸಿಯ ಹಬೆ ಹಾಯಿಸಿದಾಗ ಅದರ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಒಂದೇ ಗ್ರಾಮಿನ ಒಳಮೈಯನ್ನು ಹರಡಿದರೆ 500 ಚದರ ಮೀಟರಿಗೂ ಮಿಕ್ಕೀತು! ಬಣ್ಣ, ವಾಸನೆಗಳು ಅಲ್ಲಿ ಅಂಟಿ ನಿಲ್ಲುತ್ತವೆ. ಆದರೆ ಮೀನಿನ ಪ್ರಾಣಕ್ಕೆ ಎರವಾಗುವ ಅಮೋನಿಯ ಅದರ ಹಿಡಿತಕ್ಕೆ ಸಿಕ್ಕದು. ಆ ವಿಷವನ್ನು ಅರಗಿಸುವುದು ಸ್ಪಂಜಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು. ಗೃಹಸ್ಥನು ಕೊಳೆಯೆಂದು ನಲ್ಲಿಯಡಿ ತಿಕ್ಕಿ ತೊಳೆಯುವ ಅದೇ ಲೋಳೆ!

ಕೆಲವು ವಾರಗಳಲ್ಲಿ ರಂಧ್ರಗಳು ತುಂಬಿ ಇದ್ದಲು ನಿಸ್ಸತ್ವವಾಗುತ್ತದೆ. ಅದಕ್ಕಿಂತ ಕೇಡಿನ ಸಂಗತಿಯೊಂದಿದೆ. ಬಿಳಿಚುಕ್ಕೆಯ ರೋಗಕ್ಕೆ ಮಲಾಕೈಟ್ ಗ್ರೀನ್ ಹನಿಸಿದರೆ, ಹೊಸ ಇದ್ದಲು ಆ ಮದ್ದನ್ನೇ ಹೀರಿಬಿಡುತ್ತದೆ. ನೀರೇನೋ ತಿಳಿ, ಮೀನು ಮಾತ್ರ ತಳದಲ್ಲಿ ಏದುತ್ತಿರುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಇದ್ದಲನ್ನು ಹೊರಗಿಡಬೇಕು. ಆಮೇಲೆ ಉಳಿದ ಮದ್ದನ್ನು ತೆಗೆಯಲು ಅದೇ ಬೇಕು. ಮಿಕ್ಕಂತೆ, ಕ್ಲೋರಿನ್ ಕಳೆದ ನೀರಿನಿಂದ ವಾರಕ್ಕೊಮ್ಮೆ ಕಾಲುಭಾಗ ಬದಲಿಸುವ ಮನೆಯಲ್ಲಿ ಅದಿಲ್ಲದೆಯೂ ಮೀನು ಸುಖವಾಗಿಯೇ ಇರುತ್ತದೆ. ಆದರೆ ಬಕೆಟ್ಟು ಹೊರುವುದಕ್ಕಿಂತ ಪೊಟ್ಟಣ ಕೊಳ್ಳುವುದು ಸುಲಭವಲ್ಲವೆ?